ತಂಪು ಪಾನೀಯದ ಸುದ್ದಿ, ಕಾಕಾನ ತಟ್ಟೆ

ಸರೋಜತ್ತೆ (ಮನೆಯವರ ವಾಟ್ಸಾಪ್ ಗುಂಪಿಗೆ ಫಾರ್ವರ್ಡ್ ಆದ ಸಂದೇಶ): ದಿಲ್ಲಿ ಪೊಲೀಸರ ತುರ್ತು ಸೂಚನೆ. ಮುಂದಿನ ಕೆಲವು ವಾರ ಯಾರೂ ತಂಪು ಪಾನೀಯ ಕುಡಿಯಬೇಡಿ. ಕಾರ್ಖಾನೆಯ ಕಾರ್ಮಿಕನೊಬ್ಬ ಎಚ್‌ಐವಿ ಸೋಂಕಿರುವ ತನ್ನ ರಕ್ತವನ್ನು ಬಾಟಲಿಗಳಲ್ಲಿ ಬೆರೆಸಿದ್ದಾನೆ. ನಿಮ್ಮವರೆಲ್ಲರಿಗೂ ತಲುಪಿಸಿ.

ಸರೋಜತ್ತೆ: ಜಾತ್ರೆಗೆ ಮಕ್ಕಳೆಲ್ಲ ಊರಿಗೆ ಬರುವವರಿದ್ದಾರೆ. ಅಂಗಡಿಯ ಬಾಟಲಿಗಳನ್ನು ಯಾರೂ ಮುಟ್ಟದಂತೆ ತಾಯಂದಿರು ನೋಡಿಕೊಳ್ಳಬೇಕು.

ಪ್ರಕಾಶ: ಅತ್ತೆ, ಈ ಸೂಚನೆ ಹೊರಟ ದಿನಾಂಕ ಯಾವುದು, ಸಹಿ ಮಾಡಿದ ಅಧಿಕಾರಿ ಯಾರು, ಕಾರ್ಖಾನೆ ಎಲ್ಲಿದೆ? ‘ಮುಂದಿನ ಕೆಲವು ವಾರ’ ಎಂದಿದೆಯೇ ಹೊರತು ಯಾವ ದಿನದಿಂದ ಎಂದು ಎಲ್ಲೂ ಇಲ್ಲ. ವಾಟ್ಸಾಪ್ ಎಲ್ಲರ ಕೈಗೆ ಬರುವ ಮೊದಲು, ಎಸ್‌ಎಮ್‌ಎಸ್ ಕಾಲದಲ್ಲಿಯೇ, ಕಂಪನಿಯ ಹೆಸರನ್ನು ಮಾತ್ರ ಬದಲಿಸಿಕೊಂಡು ಈ ಮಾತು ಸುತ್ತುತ್ತಿತ್ತು.

ಸರೋಜತ್ತೆ: ನಮ್ಮ ಮಹಿಳಾ ಸಂಘದ ಗುಂಪಿನಲ್ಲಿ ಬಂದದ್ದನ್ನು ಹಾಕಿದ್ದೇನೆ. ನಾನು ಏನು ಹಾಕಿದರೂ ನೀನು ಆಧಾರ ಕೇಳುತ್ತೀಯ. ಒಂದು ತಿಂಗಳು ಬಾಟಲಿ ಕುಡಿಯದಿದ್ದರೆ ಯಾರಿಗೂ ನಷ್ಟವಿಲ್ಲ.

ದೊಡ್ಡಪ್ಪ: ಪ್ರಕಾಶ, ಹಿರಿಯರೊಂದಿಗೆ ಮಾತನಾಡುವ ರೀತಿ ಇದಲ್ಲ. ಸುದ್ದಿ ಸುಳ್ಳೇ ಇರಬಹುದು, ಆದರೆ ಆ ರೋಗದ ಭಯ ಮನೆಯಲ್ಲಿ ಇರಬೇಕು. ಸಂಯಮದಿಂದ ಬಾಳಿದವನ ಬಾಗಿಲಿಗೆ ಅದು ಬರುವುದಿಲ್ಲ ಎಂದು ನಾನು ಶಾಲೆಯಲ್ಲಿದ್ದಾಗಲೂ ಮಕ್ಕಳಿಗೆ ಹೇಳುತ್ತಿದ್ದೆ.

ವೀಣಕ್ಕ: ದೊಡ್ಡಪ್ಪ, ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನೆಯ ಕೇಂದ್ರದಲ್ಲಿ, ಆಪ್ತಸಮಾಲೋಚಕಿಯಾಗಿ ಕುಳಿತಿರುವ ನಾನು ಈ ಮಾತನ್ನು ಒಪ್ಪಲಾರೆ. ಗರ್ಭಿಣಿಯರ ಪರೀಕ್ಷೆಯಲ್ಲಿ ಸೋಂಕು ಕಂಡಾಗ ನನ್ನ ಮುಂದೆ ಕುಳಿತು ಅಳುವ ಹೆಣ್ಣುಮಕ್ಕಳಲ್ಲಿ ಬಹುಪಾಲು ಗಂಡನನ್ನು ಬಿಟ್ಟು ಇನ್ನೊಬ್ಬನನ್ನು ಕಂಡವರೇ ಅಲ್ಲ. ಅವರ ಸಂಯಮದಲ್ಲಿ ಯಾವ ಕೊರತೆಯಿತ್ತು? ಈ ವೈರಸ್ಸು ಹರಡುವ ದಾರಿಗಳು ಕೆಲವೇ: ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ, ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸುವುದು, ಮತ್ತು ಬಸಿರು, ಹೆರಿಗೆ ಅಥವಾ ಎದೆಹಾಲಿನ ಮೂಲಕ ತಾಯಿಯಿಂದ ಮಗುವಿಗೆ. ದೇಹದಿಂದ ಹೊರಬಿದ್ದ ವೈರಸ್ಸು ಬೇಗ ಸತ್ವ ಕಳೆದುಕೊಳ್ಳುವುದರಿಂದ, ಬಾಟಲಿಯಲ್ಲಿ ಬೆರೆತು, ಲಾರಿಯಲ್ಲಿ ಊರೂರು ಸುತ್ತಿ, ಹೊಟ್ಟೆಯ ಆಮ್ಲವನ್ನೂ ದಾಟಿ ಸೋಂಕು ತರುವುದು ಸಾಧ್ಯವಿಲ್ಲ. ಸೊಳ್ಳೆಯೊಳಗೆ ಅದು ಬೆಳೆಯುವುದಿಲ್ಲ. ಎಂಜಲು, ಬೆವರು, ಒಂದೇ ತಟ್ಟೆಯ ಊಟ, ಒಂದೇ ಬಚ್ಚಲು, ಇವುಗಳಿಂದಲೂ ಬರುವುದಿಲ್ಲ.

ಮಂಜಣ್ಣ: ತಟ್ಟೆ ಎಂದ ಕೂಡಲೇ ಪ್ರಕಾಶನ ಅಪ್ಪ, ನಮ್ಮ ಕಾಕಾ ನೆನಪಾದ. ಲಾರಿಗೆ ಮಹಾಲಿಂಗಪುರದ ಬೆಲ್ಲ ಹೇರಿಕೊಂಡು ಹೊರಡುವಾಗ ನಮ್ಮನ್ನೆಲ್ಲ ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಘಟಪ್ರಭೆಯ ಸೇತುವೆಯವರೆಗೆ ಸುತ್ತಾಡಿಸುತ್ತಿದ್ದ. ಬೆಳಗಾವಿಯಿಂದ ಬಂದಾಗಲೆಲ್ಲ ಕುಂದಾ ತರುತ್ತಿದ್ದ, ಅದರ ಮೊದಲ ತುತ್ತಿಗಾಗಿ ನಾನೂ ಪ್ರಕಾಶನೂ ಜಗಳವಾಡುತ್ತಿದ್ದೆವು.

ಪ್ರಕಾಶ: ಕೊನೆಯ ವರ್ಷ ಅಪ್ಪ ತಂದ ಕುಂದಾ ಕಿಟಕಿಯಲ್ಲಿಯೇ ಇರುವೆ ಹತ್ತಿ ಹಾಳಾಯಿತು ಎಂಬುದನ್ನೂ ಬರೆ, ಮಂಜಣ್ಣ. ಅಂಚು ಸೊಟ್ಟಗಾದ ಅವನ ಅಲ್ಯೂಮಿನಿಯಂ ತಟ್ಟೆಯನ್ನು ದನದ ಕೊಟ್ಟಿಗೆಯ ಗೂಡಿನಲ್ಲಿ ಇಡುತ್ತಿದ್ದರು, ನೀರನ್ನು ಲೋಟಕ್ಕೆ ಮೇಲಿನಿಂದ ಹೊಯ್ಯುತ್ತಿದ್ದರು. ಮಿರಜ್ ಆಸ್ಪತ್ರೆಯಿಂದ ಎಚ್‌ಐವಿ ರಿಪೋರ್ಟ್ ಬಂದ ದಿನದಿಂದ ಅಪ್ಪ ತೀರಿಕೊಂಡ 2001ರ ಮಳೆಗಾಲದವರೆಗೂ ಈ ಮನೆಯಲ್ಲಿ ನಡೆದದ್ದು ಅದೇ. ತಟ್ಟೆಯಿಂದ ಬರುವುದಿಲ್ಲ ಎಂದು ಅಲ್ಲಿನ ಡಾಕ್ಟರು ಎಲ್ಲರ ಎದುರಿಗೆ ಹೇಳಿದ್ದರು. ಈ ಗುಂಪಿನಲ್ಲಿ ಎಚ್‌ಐವಿ ಬಗ್ಗೆ ಏನೇ ಬಂದರೂ ನಾನು ಆಧಾರ ಕೇಳುವುದು ಅದಕ್ಕಾಗಿಯೇ.

ದೊಡ್ಡಪ್ಪ: ತಟ್ಟೆ ಬೇರೆ ಇಡಲು ಹೇಳಿದವನು ನಾನಲ್ಲ, ನಿನ್ನ ಅಜ್ಜ.

ಸರೋಜತ್ತೆ: ಅಪ್ಪನ ಹೆಸರನ್ನು ಏಕೆ ತರುತ್ತೀಯ, ಅಣ್ಣ? ಅಪ್ಪ ಆಗ ಹಾಸಿಗೆ ಹಿಡಿದಿದ್ದರು. ಮನೆಯ ವ್ಯವಹಾರವೆಲ್ಲ ನಿನ್ನ ಕೈಯಲ್ಲಿಯೇ ಇತ್ತು.

ದೊಡ್ಡಪ್ಪ: ಕೊಟ್ಟಿಗೆಯ ಪಕ್ಕದ ಕೋಣೆಗೆ ಅವನ ಹಾಸಿಗೆಯನ್ನು ಒಯ್ದವರು ಯಾರು ಎಂಬುದೂ ನನಗೆ ನೆನಪಿದೆ, ಸರೋಜಾ. ಮಕ್ಕಳ ಮುಂದೆ ಅದನ್ನೆಲ್ಲ ತೆಗೆಯಬೇಡ.

ವೀಣಕ್ಕ: ದಯವಿಟ್ಟು ಇಬ್ಬರೂ ಕೇಳಿ. ಕಾಕಾ ಹೋದ ಮೂರು ವರ್ಷಕ್ಕೆ, 2004ರ ಏಪ್ರಿಲ್ 1ರಂದು, ಸರ್ಕಾರ ಎಚ್‌ಐವಿಯನ್ನು ಹತ್ತಿಕ್ಕುವ ಔಷಧಗಳ ಉಚಿತ ಚಿಕಿತ್ಸೆಯನ್ನು (ಎಆರ್‌ಟಿ) ಆರಂಭಿಸಿತು; ಮೊದಲು ಆರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. 2017ರಿಂದ ಸೋಂಕು ಕಂಡ ಪ್ರತಿಯೊಬ್ಬರಿಗೂ, ರೋಗನಿರೋಧಕ ಶಕ್ತಿ ಕುಸಿಯುವವರೆಗೆ ಕಾಯದೆ, ಕೂಡಲೇ ಔಷಧ ಕೊಡುತ್ತಿದ್ದೇವೆ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ ಸಾಕು; ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಅದರಲ್ಲಿಯೇ ಇರುತ್ತವೆ. ತಪ್ಪದೆ ನುಂಗಿ, ರಕ್ತದಲ್ಲಿನ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲಿಯೂ ಸೋಂಕು ದಾಟುವುದಿಲ್ಲ. ಚಿಕಿತ್ಸೆ ಇಲ್ಲದ ತಾಯಂದಿರ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗುಲಬಹುದು, ಸರಿಯಾದ ಚಿಕಿತ್ಸೆಯಿದ್ದರೆ ಅದು ಐದಕ್ಕಿಂತ ಕಡಿಮೆಗೆ ಇಳಿಯುತ್ತದೆ. ಇಷ್ಟೆಲ್ಲ ಇದ್ದರೂ, ಊರಿನವರು ನೋಡಿಬಿಟ್ಟಾರು ಎಂದು ಪಕ್ಕದ ತಾಲ್ಲೂಕಿನ ಕೇಂದ್ರಕ್ಕೆ ಬಸ್ಸು ಹಿಡಿದು ಹೋಗುವವರನ್ನು ನಾನು ಪ್ರತಿ ತಿಂಗಳೂ ಕಾಣುತ್ತೇನೆ. ಅತ್ತೆ, ಬಾಟಲಿ ಕುಡಿಯದಿದ್ದರೆ ನಷ್ಟವಿಲ್ಲ ಎಂದಿರಿ. ಇಂತಹ ಸಂದೇಶ ಓದಿದ ಹೋಟೆಲಿನ ಮಾಲೀಕ ನಾಳೆ ಸೋಂಕಿರುವ ಅಡುಗೆಯವನನ್ನು ಕೆಲಸದಿಂದ ತೆಗೆದರೆ ನಷ್ಟ ಆ ಅಡುಗೆಯವನದು.

ಸರೋಜತ್ತೆ: ಹಾಗಾದರೆ ನಾವು ಯಾವುದಕ್ಕೂ ಹೆದರಬೇಕಾಗಿಲ್ಲವೇ?

ವೀಣಕ್ಕ: ಎಚ್ಚರ ಬೇಕಾದ ಕಡೆ ಎಚ್ಚರ ಬೇಕು. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರ್‌ಮೌ ಭಾಗದಲ್ಲಿ ಒಟ್ಟಿಗೆ ಹಲವರಿಗೆ ಎಚ್‌ಐವಿ ಇರುವುದು ಗೊತ್ತಾದಾಗ, ಒಂದೇ ಸೂಜಿಯಿಂದ ಹಲವರಿಗೆ ಇಂಜೆಕ್ಷನ್ ಕೊಡುತ್ತಿದ್ದ ನಕಲಿ ವೈದ್ಯನ ಮೇಲೆ ಆರೋಪ ಬಂತು. ಜ್ವರ ಬಂದರೆ ಇಂಜೆಕ್ಷನ್ ಬೇಕೇ ಬೇಕು ಎಂದು ಹಟ ಹಿಡಿಯುವವರು ನಮ್ಮ ಮನೆಯಲ್ಲಿಯೂ ಇದ್ದಾರೆ. ಚುಚ್ಚುವ ಮೊದಲು ಹೊಸ ಸಿರಿಂಜಿನ ಕವರನ್ನು ನಿಮ್ಮ ಎದುರಿಗೇ ಹರಿಯಲು ಹೇಳಿ. ಬಳಸಿದ ಸೂಜಿ ಆಕಸ್ಮಿಕವಾಗಿ ಚುಚ್ಚಿಕೊಂಡರೆ 72 ಗಂಟೆಯೊಳಗೆ, ಸಾಧ್ಯವಾದರೆ ಅದೇ ದಿನ, ಆಸ್ಪತ್ರೆಗೆ ಬಂದು 28 ದಿನದ ಔಷಧವನ್ನು ಆರಂಭಿಸಬೇಕು. ಸಂದೇಹವಿದ್ದವರು 1097ಕ್ಕೆ ಕರೆ ಮಾಡಬಹುದು, ಅದಕ್ಕೆ ದುಡ್ಡು ಬೀಳುವುದಿಲ್ಲ.

ಪ್ರಕಾಶ: ಅತ್ತೆ, ಈಗ ಆ ಸಂದೇಶವನ್ನು ಅಳಿಸುತ್ತೀರಾ?

ಸರೋಜತ್ತೆ: ವೀಣಾ ಬರೆದದ್ದನ್ನು ಸಂಘದ ಗುಂಪಿಗೆ ಕಳುಹಿಸುತ್ತೇನೆ. ನಿನ್ನ ಮಾತಿಗೆ ಮಾತ್ರ ಅಳಿಸುವುದಿಲ್ಲ.

ದೊಡ್ಡಪ್ಪ: ಇಷ್ಟು ಚರ್ಚೆಯಾದ ಮೇಲೆ ಒಂದು ಕೆಲಸ ಆಗಲಿ. ಮಂಜುನ ಮಗನಿಗೆ ಗೊತ್ತುಮಾಡಿರುವ ಹುಡುಗಿಯ ರಕ್ತಪರೀಕ್ಷೆಯನ್ನು ಮದುವೆಗೆ ಮುಂಚೆ ಮಾಡಿಸಿಬಿಡೋಣ. ವೀಣಾ, ರಿಪೋರ್ಟನ್ನು ನನಗೆ ಕಳುಹಿಸು.

ಪ್ರಕಾಶ: ಹುಡುಗಿಯದು ಮಾತ್ರ ಏಕೆ, ದೊಡ್ಡಪ್ಪ? ಪುಣೆಯಲ್ಲಿ ಆರು ವರ್ಷ ಒಬ್ಬನೇ ಇದ್ದವನು ನಮ್ಮ ಹುಡುಗ.

ಮಂಜಣ್ಣ: ನನ್ನ ಮಗನ ವಿಷಯವನ್ನು ಇಲ್ಲಿ ತರಬೇಡ, ಪ್ರಕಾಶ.

ವೀಣಕ್ಕ: ಹುಡುಗಿಯ ವಿಷಯವನ್ನೂ ಇಲ್ಲಿ ತರುವಂತಿಲ್ಲ, ಮಂಜಣ್ಣ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಯಾರ ಪರೀಕ್ಷೆಯನ್ನೂ ಮಾಡುವಂತಿಲ್ಲ, ಫಲಿತಾಂಶವನ್ನು ಅವರ ಒಪ್ಪಿಗೆಯಿಲ್ಲದೆ ಮನೆಯ ಹಿರಿಯರಿಗೂ ಹೇಳುವಂತಿಲ್ಲ. ಅವರಿಬ್ಬರಿಗೂ ಮನಸ್ಸಿದ್ದರೆ ಇಬ್ಬರೂ ಯಾವುದಾದರೂ ಸರ್ಕಾರಿ ಐಸಿಟಿಸಿಗೆ ಹೋಗಲಿ, ನನ್ನ ಬಳಿಗೇ ಬರಬೇಕೆಂದಿಲ್ಲ. ಪರೀಕ್ಷೆ ಉಚಿತ, ಮಾತುಕತೆ ಮೊದಲು ಮತ್ತು ನಂತರ ಎರಡೂ ಬಾರಿ ಇರುತ್ತದೆ. ಹೊಸ ಸೋಂಕು ಮೂರು ತಿಂಗಳವರೆಗೆ ಪರೀಕ್ಷೆಯಲ್ಲಿ ಕಾಣದೆ ಇರಬಹುದಾದ್ದರಿಂದ ಅಗತ್ಯವಿದ್ದವರನ್ನು ಇನ್ನೊಮ್ಮೆ ಕರೆಯುತ್ತಾರೆ.

ದೊಡ್ಡಪ್ಪ: ಹಿರಿಯರಿಗೆ ತಿಳಿಸದ ಪರೀಕ್ಷೆ ಯಾತಕ್ಕೆ?

ವೀಣಕ್ಕ: ಮದುವೆಯಾಗುವವರು ಅವರಿಬ್ಬರು, ದೊಡ್ಡಪ್ಪ. ಅವರಿಗೆ ತಿಳಿದರೆ ಸಾಕು.