ಒಂಟಿ ಸೀನು

"ಆ... ಆ... ಆಕ್ಷೀ!"

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸೀನ ಸೀನಿದ. ಹೊರಡಲು ಎದ್ದಿದ್ದ ರಾಯರು ಮತ್ತೆ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟರು.

"ಯಾಕೆ ರಾಯರೇ, ಹೊರಟಿದ್ರಲ್ಲ?" ಪುಟ್ಟಸ್ವಾಮಿ ಕೇಳಿದ.

"ಒಂಟಿ ಸೀನು ಕಣಯ್ಯಾ. ಇನ್ನೊಂದು ಬರಲಿ, ಹೋಗ್ತೀನಿ."

ಮೂರೂ ಜನ ಸೀನನ ಮೂಗನ್ನೇ ನೋಡುತ್ತಾ ಕಾದರು. ಸೀನನೂ ಬಾಯಿ ಅರ್ಧ ತೆರೆದು, ಆಕಾಶ ನೋಡಿ, ಕೈಲಾದ ಪ್ರಯತ್ನ ಮಾಡಿದ. ಎರಡನೆಯದು ಬರಲಿಲ್ಲ. ಮೂಗು ಸೊರ್ ಅಂತು, ಅಷ್ಟೇ.

"ಅಲ್ಲಯ್ಯಾ ಸೀನ, ನಿನಗೆ ಶೀತ ಅಂದ್ರೇನು!" ಶಾಮಣ್ಣ ಶುರು ಮಾಡಿದ. "ಮೊನ್ನೆ ತಾನೇ ನನ್ನ ಇಮ್ಯೂನಿಟಿ ಕಬ್ಬಿಣ ಆಗಿದೆ ಅಂದಿದ್ದೆ."

"ಕಬ್ಬಿಣಾನೇ. ಅದರಲ್ಲಿ ಅನುಮಾನ ಇಲ್ಲ."

"ಹಾಗಾದ್ರೆ ಮಂಜಿಗೆ ತುಕ್ಕು ಹಿಡಿದಿರಬೇಕು."

ಸೀನ ಟಿಬೆಟಿನವರ ಹತ್ತಿರ ತಗೊಂಡ ಸ್ವೆಟರಿನ ಮೇಲೆ ಒಂದು ಜರ್ಕಿನ್, ಅದರ ಮೇಲೆ ಶಾಲು, ತಲೆಗೆ ಮಂಕಿ ಕ್ಯಾಪು ಹಾಕಿಕೊಂಡಿದ್ದ. ಹಿಮಾಲಯ ಹತ್ತಲು ಹೊರಟವನ ಹಾಗೆ ಕಾಣುತ್ತಿದ್ದ. ಮೈಸೂರಿನ ಚಳಿ ಅಂದರೆ ಎಷ್ಟು ಮಹಾ? ಡಿಸೆಂಬರಿನ ಬೆಳಗಿನ ಜಾವ 16 ಡಿಗ್ರಿ ಇದ್ದರೆ ನಾವು ನಡುಗುತ್ತೇವೆ, 14 ಆದರೆ ಪಕ್ಕದ ಮನೆಯವರಿಗೂ ಹೇಳಿ ನಡುಗುತ್ತೇವೆ.

"ಏನೇನು ಮಾಡ್ತೀಯ ಹೇಳಪ್ಪ, ನಮಗೂ ತಿಳೀಲಿ," ಅಂದ ಪುಟ್ಟಸ್ವಾಮಿ.

ಸೀನ ಗ್ಲೋವ್ಸ್ ತೆಗೆದು ಬೆರಳು ಮಡಚಿದ. ಬೆಳಗ್ಗೆ ನಾಲ್ಕೂವರೆಗೆ ಏಳೋದು. ಬಿಸಿನೀರಿಗೆ ನಿಂಬೆಹಣ್ಣು, ಜೇನುತುಪ್ಪ. ಐದಕ್ಕೆ ಅಮೃತಬಳ್ಳಿ ಕಷಾಯ. ಐದೂಕಾಲಿಗೆ ತುಳಸಿ ಹತ್ತೆಲೆ, ದೊಡ್ಡಪತ್ರೆ ಎರಡೆಲೆ. ಐದೂವರೆಗೆ ಮನೆ ಬಿಡೋದು. ಆರೂವರೆಗೆ ಗೇಟಿನ ಹತ್ತಿರ ಬೂದುಗುಂಬಳಕಾಯಿ ಜ್ಯೂಸು. ಮನೆಗೆ ಹೋಗಿ ವಿಟಮಿನ್ ಸಿ ಮಾತ್ರೆ, ಜಿಂಕ್ ಮಾತ್ರೆ. ರಾತ್ರಿ ಅರಿಸಿನದ ಹಾಲು.

"ತಿಂಡಿ?"

"ಹೊಟ್ಟೇಲಿ ಜಾಗ ಇರಲ್ಲ."

"ರಾತ್ರಿ ಮಲಗೋದು ಎಷ್ಟೊತ್ತಿಗೆ?" ಶಾಮಣ್ಣ ಕೇಳಿದ.

"ಹನ್ನೊಂದೂವರೆ ಆಗುತ್ತೆ. ಇದರ ವಿಡಿಯೋಗಳನ್ನೆಲ್ಲ ನೋಡಬೇಕಲ್ಲ."

"ಅಲ್ಲಿಗೆ 5 ಗಂಟೆ ನಿದ್ದೆ. ಕೇಳಿಲ್ಲಿ. ಅಮೆರಿಕದಲ್ಲಿ 164 ಜನರ ಮೂಗಿಗೆ ಶೀತದ ವೈರಸ್ಸನ್ನೇ ಹನಿ ಹನಿ ಬಿಟ್ಟು, ಒಂದು ಹೋಟೆಲಿನಲ್ಲಿ ಇರಿಸಿ, ಯಾರಿಗೆ ಹತ್ತುತ್ತೆ ಅಂತ ನೋಡಿದ್ರು."

"ಊಟದ ಖರ್ಚೂ ಅವರದೇನಾ?" ಅಂದ ಪುಟ್ಟಸ್ವಾಮಿ.

"ಸುಮ್ನಿರಯ್ಯಾ. 2015ರಲ್ಲಿ ಅದನ್ನ ಪ್ರಕಟಿಸಿದ್ರು. 7 ಗಂಟೆಗಿಂತ ಜಾಸ್ತಿ ಮಲಗೋರಿಗಿಂತ 6 ಗಂಟೆಗಿಂತ ಕಡಿಮೆ ಮಲಗೋರಿಗೆ ಶೀತ ಹತ್ತೋದು ನಾಲ್ಕು ಪಟ್ಟು ಜಾಸ್ತಿ ಅಂತ. ಈ ಸೀನ ಇದಾನಲ್ಲ, ಶೀತ ಯಾವ ದಾರೀಲಿ ಬರುತ್ತೋ ನೋಡೋಣ ಅಂತ ರಾತ್ರಿಯೆಲ್ಲ ಬಾಗಿಲು ತೆಗೆದಿಟ್ಟು ಕಾಯ್ತಾ ಕೂತಿದಾನೆ."

"ನಿನಗೆ ಯಾವಾಗಲೂ ತಮಾಷೆ."

"ತಮಾಷೆಯಲ್ಲ. ನಿನಗೆ ಈ ಶೀತ ಎಲ್ಲಿಂದ ಬಂತು ಅಂತ ಬೇಕಾದ್ರೆ ಜಾಗ ತೋರಿಸ್ತೀನಿ. ಗೇಟಿನ ಹತ್ತಿರ ಆ ಜ್ಯೂಸಿನ ಗಾಡಿ ಇದೆಯಲ್ಲ, ಅಲ್ಲಿರೋದು ಒಂದೇ ಬಕೆಟ್ ನೀರು. ಬಂದವರ ಲೋಟವೆಲ್ಲ ಅದರಲ್ಲೇ ಮುಳುಗಿ ಏಳುತ್ತೆ. ಗ್ರಹಣದ ದಿನ ಶ್ರೀರಂಗಪಟ್ಟಣದ ಸಂಗಮದಲ್ಲೂ ಅಷ್ಟು ಜನ ಮುಳುಗಲ್ಲ. ನಿನ್ನೆ ಅವನೇ ಸೀನಿ, ಅದೇ ಕೈಯಲ್ಲಿ ಮೂಗು ಒರೆಸಿ, ಅದೇ ಕೈಯಲ್ಲಿ ನಿನಗೆ ಲೋಟ ಕೊಟ್ಟ. ಇಮ್ಯೂನಿಟಿಗೆ ಮೂವತ್ತು ರೂಪಾಯಿ. ಶೀತ ಫ್ರೀ."

ರಾಯರಿಗೆ ಇದು ಸಮಯ ಅನ್ನಿಸಿತು. "ಅದಕ್ಕೇ ಹೇಳೋದು. ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿತ್ತು. ಧನುರ್ಮಾಸದಲ್ಲಿ ನಸುಕಿಗೇ ಎದ್ದು ಹುಗ್ಗಿ ನೈವೇದ್ಯ ಯಾಕೆ ಮಾಡ್ತಿದ್ರು? ಹೆಸರುಬೇಳೆ, ಮೆಣಸು, ಜೀರಿಗೆ, ಶುಂಠಿ, ತುಪ್ಪ. ಎಲ್ಲಾ ಇಮ್ಯೂನಿಟಿ!"

"ರಾಯರೇ, ಹುಗ್ಗಿ ಯಾಕೆ ತಿಂತಿದ್ರು ಅಂದ್ರೆ ಹುಗ್ಗಿ ಚೆನ್ನಾಗಿರುತ್ತೆ," ಅಂದ ಶಾಮಣ್ಣ. "ಅದನ್ನ ಔಷಧಿ ಮಾಡಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ. ಮೊದಲು ಸಾರನ್ನ ತಗೊಂಡು ಹೋದ್ರು. ಆಮೇಲೆ ಅರಿಸಿನ. ಆಮೇಲೆ ನೆಲ್ಲಿಕಾಯಿ. ಉತ್ಥಾನ ದ್ವಾದಶಿ ದಿನ ತುಳಸಿ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಿದ್ದ ನೆಲ್ಲಿ ಕೊಂಬೆಗೂ ಈಗ ಡ್ಯೂಟಿ ಹಾಕಿದ್ದಾರೆ. ಒಂದು ತಿಂಡಿಯನ್ನಾದರೂ ನಾಲಿಗೆಗೆ ಅಂತ ಬಿಡಿ."

ಸೀನ ಮಾತಾಡಲಿಲ್ಲ. ಜರ್ಕಿನ್ನಿನ ಜೇಬಿಂದ ಒಂದು ಪ್ಯಾಕೆಟ್ ತೆಗೆದು ಬೆಂಚಿನ ಮೇಲಿಟ್ಟ. ಹೊಳೆಯುವ ಹಸಿರು ಪ್ಯಾಕೆಟ್ಟು. ಮೇಲೆ ಒಬ್ಬ ಹುಡುಗ ಕೈ ಬಗ್ಗಿಸಿ ತೋಳು ತೋರಿಸುತ್ತಿದ್ದ. ಬೆಲೆ 499 ರೂಪಾಯಿ.

ಶಾಮಣ್ಣ ಕನ್ನಡಕ ಏರಿಸಿ ಹಿಂದಿನ ಸಣ್ಣಕ್ಷರ ಓದಿದ. "ಕರಿಮೆಣಸು. ಜೀರಿಗೆ. ಒಣಶುಂಠಿ. ಅರಿಸಿನ. ಕರಿಬೇವು. ಇಂಗು." ಕನ್ನಡಕ ಇಳಿಸಿದ. "ಸೀನ, ಇದು ನಿಮ್ಮಮ್ಮನ ಸಾರಿನಪುಡಿ ಕಣೋ. ಕೊತ್ತಂಬರಿ ಬೀಜ ಹಾಕೋದು ಮರೆತಿದ್ದಾರೆ, ಅದಕ್ಕೇ ಇಷ್ಟು ರೇಟು."

ಪುಟ್ಟಸ್ವಾಮಿ ಪ್ಯಾಕೆಟ್ಟನ್ನು ಮೂಸಿ, "ಸ್ವಲ್ಪ ಬೇಳೆ ಕಟ್ಟು ಇದ್ದಿದ್ರೆ ಊಟಾನೇ ಮಾಡಬಹುದಿತ್ತು," ಅಂದ.

"ಅಲ್ಲಯ್ಯಾ, ಪವರ್ ಜಾಸ್ತಿ ಆದ್ರೆ ಒಳ್ಳೇದಲ್ವಾ?" ಸೀನನಿಗೆ ನಿಜವಾಗಿ ಬೇಜಾರಾಗಿತ್ತು.

"ನೋಡು, ಮೈಯೊಳಗೆ ಒಂದು ಪೊಲೀಸ್ ಠಾಣೆ ಇದೆ ಅಂತ ಇಟ್ಕೊ. ಪೇದೆಗಳು ಉಪವಾಸ ಇದ್ದರೆ ಊಟ ಹಾಕು, ಬೇಡ ಅನ್ನಲ್ಲ. ನಿನ್ನ ಹೊಟ್ಟೆ ನೋಡಿದ್ರೆ ಅಲ್ಲಿ ಯಾರೂ ಉಪವಾಸ ಇರೋ ಹಾಗೆ ಕಾಣಲ್ಲ. ಅವರಿಗೆ ಬೇಕಾಗಿರೋದು ಕಳ್ಳನ ಫೋಟೋ. ವ್ಯಾಕ್ಸಿನ್ ಅಂದ್ರೆ ಅದೇ. ಶೀತ ತರೋ ವೈರಸ್ಸು 200ಕ್ಕೂ ಹೆಚ್ಚು ಬಗೆ, ಅಷ್ಟು ಫೋಟೋ ಅಂಟಿಸೋಕೆ ಗೋಡೆ ಸಾಲದು. ಫ್ಲೂ ಆದ್ರೆ ವರ್ಷ ವರ್ಷ ಮೀಸೆ ಬದಲಾಯಿಸಿಕೊಂಡು ಬರ್ತಾನೆ. ಅದಕ್ಕೇ ಅದರ ಇಂಜೆಕ್ಷನ್ ವರ್ಷಕ್ಕೊಂದು. ನೀನು ಹಾಕಿಸಿಕೊಂಡೆಯಾ?"

"ಇಂಜೆಕ್ಷನ್ನಾ? ಅದೆಲ್ಲ ಕೆಮಿಕಲ್ಲು ಕಣಯ್ಯಾ. ಸೂಜಿ ಬೇರೆ."

"ಸರಿ. ಇನ್ನು ಪವರ್ ವಿಷಯ. ಪೊಲೀಸರಿಗೆ ಪವರ್ ಜಾಸ್ತಿ ಆದ್ರೆ ಏನಾಗುತ್ತೆ? ಮನೆಯವರ ಮೇಲೇ ಲಾಠಿ. ಗಾಳೀಲಿ ಕಾಂಗ್ರೆಸ್ ಗಿಡದ ಪರಾಗ ಬಂದ್ರೆ ಅದು ಕದಿಯೋಕೆ ಬಂದಿರಲ್ಲ, ಸುಮ್ನೆ ಹೋಗ್ತಿರುತ್ತೆ. ಅದನ್ನ ಹಿಡಕೊಂಡು ಬಡಿಯೋದಕ್ಕೆ ಅಲರ್ಜಿ ಅಂತ ಹೆಸರು. ಸ್ವಂತ ಕೀಲುಗಳನ್ನೇ ಬಡಿದ್ರೆ ಅದೂ ಒಂದು ಜಾತಿ ಸಂಧಿವಾತ. ಅಷ್ಟೇ ಯಾಕೆ, ಈಗ ನಿನ್ನ ಮೂಗು ಸುರೀತಿದೆಯಲ್ಲ, ಅದನ್ನ ಸುರಿಸ್ತಿರೋದು ವೈರಸ್ಸಲ್ಲ, ನಿನ್ನ ಇಮ್ಯೂನಿಟಿ."

ಸೀನನ ಮುಖ ಅರಳಿತು. "ಹಾಗಾದ್ರೆ ಕಷಾಯ ಕೆಲಸ ಮಾಡ್ತಿದೆ ಅಂತಾಯ್ತು!"

ಶಾಮಣ್ಣ ಹಣೆ ಚಚ್ಚಿಕೊಂಡು, "ನಾನು ಬರ್ತೀನಪ್ಪ," ಅಂತ ಎದ್ದ.

"ಆ... ಆ... ಆಕ್ಷೀ!"

"ಒಂಟಿ," ಅಂದರು ರಾಯರು, ಅಂಪೈರು ಔಟ್ ಕೊಟ್ಟ ಹಾಗೆ.

"ನಾನು ಶಕುನ ಗಿಕುನ ನಂಬಲ್ಲ," ಅಂದ ಶಾಮಣ್ಣ. ಆದರೆ ಶೂ ಲೇಸು ಬಿಚ್ಚಿದೆಯೇನೋ ಅನ್ನುವ ಹಾಗೆ ನೋಡಿಕೊಂಡು ಕೂತ. ಲೇಸೇನೂ ಬಿಚ್ಚಿರಲಿಲ್ಲ.

ಕೆರೆ ಮೇಲಿನ ಮಂಜು ಕರಗುತ್ತಿತ್ತು. ಹೆಜ್ಜಾರ್ಲೆಗಳು ನೀರಿಗಿಳಿದು ಸಾಲಾಗಿ ತೇಲುತ್ತಿದ್ದವು. ಪುಟ್ಟಸ್ವಾಮಿ ಬೆರಳು ತೋರಿಸಿದ. "ಆ ಹಕ್ಕಿ ನೋಡ್ರಪ್ಪ. ಹುಟ್ಟಿದಾಗಿಂದ ತಣ್ಣೀರಲ್ಲೇ ಅದೆ. ಶೀತ ಇಲ್ಲ, ನೆಗಡಿ ಇಲ್ಲ."

"ಅವಕ್ಕೂ ಬಿಟ್ಟಿಲ್ಲ ಬಿಡು," ಅಂದ ಶಾಮಣ್ಣ. "2017ರ ಜನವರೀಲಿ ಹಕ್ಕಿಜ್ವರ ಅಂತ ನಮ್ಮ ಝೂಗೇ ಒಂದು ತಿಂಗಳ ಹತ್ತಿರ ಬೀಗ ಹಾಕಿರಲಿಲ್ವಾ?"

"ಏನೇ ಆಗಲಿ," ರಾಯರು ನಿಟ್ಟುಸಿರು ಬಿಟ್ಟರು, "ನಮ್ಮ ಮೈಸೂರಲ್ಲಿ ಈ ಜಾಹೀರಾತಿನ ಹುಚ್ಚು ಇರಲಿಲ್ಲ."

"ಇರಲಿಲ್ಲ ಅನ್ನಬೇಡಿ. ಮೊದಲ ಮಾಡೆಲ್ಲೇ ನಮ್ಮ ಅರಮನೆಯವರು. ಇಂಗ್ಲೆಂಡಿನ ಡಾಕ್ಟರು ಜೆನ್ನರ್ ಸಿಡುಬಿಗೆ ದಾಕು ಹಾಕಿ ತೋರಿಸಿದ್ದು 1796ರಲ್ಲಿ. ಹತ್ತು ವರ್ಷ ಕಳೆಯೋದರೊಳಗೆ ಅದು ಇಲ್ಲಿಗೇ ಬಂದಿತ್ತು. ಮುಮ್ಮಡಿಯವರ ಕೈಹಿಡಿದ ದೇವಾಜಮ್ಮಣ್ಣಿಯವರ ಚಿತ್ರ ಒಂದಿದೆ, ಥಾಮಸ್ ಹಿಕ್ಕಿ ಅನ್ನೋ ಚಿತ್ರಕಾರ 1805ರ ಸುಮಾರಿಗೆ ಬರೆದದ್ದು. ಸೆರಗು ಸರಿಸಿ ತೋಳು ತೋರಿಸ್ತಿದ್ದಾರೆ. ದಾಕು ಹಾಕಿಸಿಕೊಂಡ ಜಾಗ ಅದು, ಜನಕ್ಕೆ ಧೈರ್ಯ ಬರಲಿ ಅಂತ ಬರೆಸಿದ ಚಿತ್ರ ಅಂತ ಇತಿಹಾಸಕಾರರು ಹೇಳ್ತಾರೆ. ಎಳೇ ವಯಸ್ಸಿನ ರಾಣಿ ಸೂಜಿಗೆ ಹೆದರಲಿಲ್ಲ. ನೀನು ಅರವತ್ತೆಂಟು ದಾಟಿ ಸೂಜಿ ಬೇರೆ ಅಂತೀಯ."

"ದಾಕಾ? ನನಗೂ ಹಾಕಿದ್ದಾರೆ!" ಸೀನ ಶಾಲು ತೆಗೆದ. ಜರ್ಕಿನ್ ಬಿಚ್ಚಿದ. ಸ್ವೆಟರಿನಿಂದ ಒಂದು ಕೈ ಹೊರಗೆಳೆದ. ತೋಳಿನ ಮೇಲೆ ಎರಡು ಗುಂಡನೆಯ ಕಲೆ.

ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ. ರಾಯರು ಜುಬ್ಬದ ತೋಳು ಮೇಲೇರಿಸಿದರು. ಶಾಮಣ್ಣನಿಗೂ ಇತ್ತು. ಪುಟ್ಟಸ್ವಾಮಿಯದು ಎಲ್ಲರಿಗಿಂತ ದೊಡ್ಡದು, ಹಳೇ ನಾಲ್ಕಾಣೆಯಷ್ಟು.

"ದಾಕಿನವನು ಊರಿಗೆ ಬಂದ ಅಂದ್ರೆ ನಮ್ಮವ್ವ ನನ್ನ ಹುಲ್ಲಿನ ಮೆದೇಲಿ ಬಚ್ಚಿಡೋಳು," ಅಂದ ಪುಟ್ಟಸ್ವಾಮಿ. "ಆ ಸಲ ಒಳಗಿಂದ ಸೀನಿಬಿಟ್ಟೆ. ಸಿಕ್ಕಾಕೊಂಡೆ. ಆಮೇಲೆ ಕೈ ಊದಿಕೊಂಡು ಮೂರು ದಿನ ಜ್ವರ. ಮೂರು ದಿನಾನೂ ಅವ್ವ ದಾಕಿನವನಿಗೆ ಶಾಪ ಹಾಕ್ತಾ ನನ್ನ ತಲೆ ಸವರ್ತಾ ಕೂತಿದ್ಲು."

ವಾಕಿಂಗಿಗೆ ಬಂದ ಇಬ್ಬರು ಹೆಂಗಸರು, ಆ ಚಳಿಯಲ್ಲಿ ತೋಳು ಬಿಚ್ಚಿ ಕೂತ ನಾಲ್ಕು ಮುದುಕರನ್ನು ನೋಡಿ ಹೆಜ್ಜೆ ಜೋರು ಮಾಡಿದರು.

"ಮುಚ್ಚಿಕೊಳ್ರಯ್ಯಾ," ಅಂದ ಶಾಮಣ್ಣ. "ನಮ್ಮನ್ನ ಬರೆಯೋಕೆ ಹಿಕ್ಕಿ ಬರಲ್ಲ."

ಸೀನ ಒಂದೊಂದಾಗಿ ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಮಾತು ವಿಟಮಿನ್ ಸಿ ಕಡೆ ಹೊರಳಿತ್ತು. 1000 ಮಿಲಿಗ್ರಾಂ ಮಾತ್ರೆ ಅಂತ ಅವನಿಗೆ ಬಹಳ ಹೆಮ್ಮೆ. ದೊಡ್ಡ ಗಂಡಸಿಗೆ ದಿನಕ್ಕೆ ಬೇಕಾಗಿರೋದು 80 ಮಿಲಿಗ್ರಾಂ, ಒಂದು ಸೀಬೆಹಣ್ಣು ತಿಂದರೆ ಮುಗೀತು, ಮಿಕ್ಕಿದ್ದು ಬಚ್ಚಲಿಗೆ ಅಂತ ಶಾಮಣ್ಣ ಲೆಕ್ಕ ಹಾಕಿದ. ಸೀನ ಬಿಡಲಿಲ್ಲ, "ನೊಬೆಲ್ ಬಂದವರೇ ಹೇಳಿದ್ದಾರೆ," ಅಂದ.

"ಹೌದು, ಲೈನಸ್ ಪಾಲಿಂಗ್. 1954ರಲ್ಲಿ ಒಂದು, 1962ರಲ್ಲಿ ಇನ್ನೊಂದು. 1970ರಲ್ಲಿ ವಿಟಮಿನ್ ಸಿ ತಗೊಂಡ್ರೆ ಶೀತ ಬರಲ್ಲ ಅಂತ ಪುಸ್ತಕ ಬರೆದ್ರು. ಆಮೇಲೆ ಸಾವಿರಾರು ಜನಕ್ಕೆ ಕೊಟ್ಟು ನೋಡಿದ್ರೆ, ನಮ್ಮಂಥವರಿಗೆ ಶೀತ ಬರೋದೇನೂ ನಿಲ್ಲಲಿಲ್ಲ. ದಿನಾ ತಿಂದವರಿಗೆ ಒಂದು ಅರ್ಧ ದಿನ ಮೊದಲು ವಾಸಿ ಆಯ್ತು. ಎರಡು ನೊಬೆಲ್ ತಗೊಂಡವರ ಮಾತನ್ನೇ ಶೀತ ಕೇಳಲಿಲ್ಲ, ನಿನ್ನ ವಾಟ್ಸಾಪ್ ಗ್ರೂಪಿನ ಮಾತು ಕೇಳುತ್ತಾ?"

"ನನ್ನ ಮಗನೂ ಕಳಿಸಿದಾನೆ ಅಮೆರಿಕದಿಂದ," ಅಂದ ಪುಟ್ಟಸ್ವಾಮಿ. "ಚಪ್ಪರಿಸೋ ವಿಟಮಿನ್ನು. ಕರಡಿ ಮರಿ ಆಕಾರ ಇದೆ. ದಿನಕ್ಕೆ ಎರಡು ಕರಡಿ ತಿನ್ನು ಅಪ್ಪ ಅಂತಾನೆ."

"ತಿಂತೀಯಾ?"

"ಭಾನುವಾರ ವಿಡಿಯೋ ಕಾಲ್ ಮಾಡ್ತಾನಲ್ಲ, ಆಗ ಅವನ ಮುಂದೆ ತಿಂತೀನಿ." ಸ್ವಲ್ಪ ಹೊತ್ತು ಹೆಜ್ಜಾರ್ಲೆ ನೋಡಿದ. "ನಮ್ಮ ಮಂಡ್ಯ ಕಡೆ ಶೀತ ಅಂದ್ರೆ ನಾಟಿ ಕೋಳಿ ಸಾರು. ರಾಯರು ತಪ್ಪು ತಿಳೀಬಾರದು. ಮೆಣಸು ಜಾಸ್ತಿ ಹಾಕಿ, ಬಿಸಿ ಮುದ್ದೆ ಜೊತೆ. ಕಣ್ಣಲ್ಲಿ ಮೂಗಲ್ಲಿ ನೀರು ಕಿತ್ತು ಬರೋದು. ಅವಳು ಬಡಿಸ್ತಾ ಬಡಿಸ್ತಾ ಬೈಯೋಳು. ತಲೆಗೆ ಟವಲ್ ಸುತ್ತಿಕೊ ಅಂದ್ರೆ ಕೇಳಿದ್ರಾ, ಮಂಜಲ್ಲಿ ಹೋಗಬೇಡಿ ಅಂದ್ರೆ ಕೇಳಿದ್ರಾ ಅಂತ. ಸಾರು ಮುಗಿದ್ರೂ ಬೈಗುಳ ಮುಗೀತಿರಲಿಲ್ಲ."

ಯಾರೂ ಮಾತಾಡಲಿಲ್ಲ.

"ಎರಡು ಚಳಿಗಾಲ ಆಯ್ತು. ತಮಾಷೆ ನೋಡಿ, ಅವಳು ಹೋದ ಮೇಲೆ ನನಗೆ ಶೀತಾನೇ ಆಗಿಲ್ಲ."

"ನಿನ್ನ ಇಮ್ಯೂನಿಟಿ ಜೋರಾಗಿದೆ ಅಂತಾಯ್ತು," ಅಂದುಬಿಟ್ಟ ಸೀನ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

"ಏನೋಪ್ಪ. ಬಂದ್ರೆ ಯಾರಿಗೆ ಹೇಳೋದು ಅಂತ ಬರ್ತಿಲ್ಲವೇನೋ."

ಶಾಮಣ್ಣನ ಹತ್ತಿರ ಎಲ್ಲದಕ್ಕೂ ಉತ್ತರ ಇರುತ್ತಿತ್ತು. ಇದಕ್ಕಿರಲಿಲ್ಲ. ಹಸಿರು ಪ್ಯಾಕೆಟ್ಟನ್ನು ತಿರುಗಿಸಿ ಮತ್ತೆ ಮೊದಲಿಂದ ಓದತೊಡಗಿದ. ಕರಿಮೆಣಸು. ಜೀರಿಗೆ. ಒಣಶುಂಠಿ.

ಬಿಸಿಲು ಬೆಂಚಿನ ತನಕ ಬಂತು. ಪುಟ್ಟಸ್ವಾಮಿ ಮಂಡಿ ಹಿಡಿದು ಎದ್ದ. "ನಾನು ಹೊರಡ್ತೀನಿ."

"ಮನೇಲಿ ಏನಿದೆ ಕೆಲಸ?" ಸೀನ ಕೇಳಿದ.

"ಏನೂ ಇಲ್ಲ. ಹಂಗೇ."

ಎರಡು ಹೆಜ್ಜೆ ಇಟ್ಟಿದ್ದ.

"ಆಕ್ಷೀ!"

ಈ ಸಲ ಆ... ಆ... ಅನ್ನುವ ಪೀಠಿಕೆ ಇರಲಿಲ್ಲ. ಕರ್ಚೀಫು ಜೇಬಿಂದ ಹೊರಗೇ ಬರಲಿಲ್ಲ. ಸೀನ ಕೆರೆ ಕಡೆ ಮುಖ ಮಾಡಿಕೊಂಡಿದ್ದ.

"ಒಂಟಿ ಸೀನು," ಅಂದರು ರಾಯರು. "ಕೂತ್ಕೊ ಪುಟ್ಟಸ್ವಾಮಿ."

ಶಕುನ ನಂಬದ ಶಾಮಣ್ಣ ಪಕ್ಕಕ್ಕೆ ಸರಿದು ಜಾಗ ಮಾಡಿದ.