ಫೋರ್ಡ್ ತರದ ಮಾಲೀಕ ಇನ್ನೊಬ್ಬ ಹುಟ್ಟಲ್ಲ

ಹಳೇಗಾಡಿ ಗುಂಡಣ್ಣ:
ಸಂಬಳ ಜಾಸ್ತಿ ಮಾಡಿ ಅಂದರೆ ಇವತ್ತಿನ ಕಂಪನಿಗಳು ಮುಖ ಸಿಂಡರಿಸುತ್ತವೆ. 1914ರ ಜನವರಿಯಲ್ಲಿ ಹೆನ್ರಿ ಫೋರ್ಡ್ ಏನು ಮಾಡಿದ ನೋಡಿ. ಡೆಟ್ರಾಯಿಟ್ ಪಕ್ಕದ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ದಿನಕ್ಕೆ 9 ಗಂಟೆ ದುಡಿದು 2 ಡಾಲರ್ 34 ಸೆಂಟ್ ಎಣಿಸುತ್ತಿದ್ದವನಿಗೆ, 8 ಗಂಟೆ ಸಾಕು, 5 ಡಾಲರ್ ತಗೋ ಅಂದ. ಯಾರೂ ಕೇಳಿರಲಿಲ್ಲ. ತನ್ನ ಕೆಲಸಗಾರನೂ ತಾನು ಮಾಡಿದ ಕಾರು ಕೊಳ್ಳಲಿ ಅಂತ ಕೊಟ್ಟ.

1908ರಲ್ಲಿ 850 ಡಾಲರ್‌ಗೆ ಶುರುವಾದ ಅವನ ಟಿ ಮಾಡೆಲ್ ಕಾರು 1925ರ ಹೊತ್ತಿಗೆ 300 ಡಾಲರ್ ಒಳಗೆ ಬಂತು. ಉಳಿಸಿದ ಕಾಸನ್ನೆಲ್ಲ ಗಿರಾಕಿಗೇ ಬಿಟ್ಟುಕೊಟ್ಟ. ಕಪ್ಪು ಬಣ್ಣ ಒಂದೇ ಹೊಡೆಸುತ್ತಿದ್ದದ್ದೂ ಅದಕ್ಕೇ. ಕಪ್ಪು ಬೇಗ ಒಣಗುತ್ತದೆ. ಕಾರು ಮುಂದೆ ಸಾಗುತ್ತಾ ಹೋಗುವ, ಒಬ್ಬೊಬ್ಬ ಒಂದೊಂದೇ ಕೆಲಸ ಮಾಡುವ ಅಸೆಂಬ್ಲಿ ಲೈನ್ ಕಂಡುಹಿಡಿದವನೂ ಅವನೇ. ಇಂಥ ಮಾಲೀಕ ಇನ್ನೊಬ್ಬ ಇದ್ದರೆ ತೋರಿಸಿ.

ಲೆಕ್ಕದ ಪುಸ್ತಕ:
"ಯಾರೂ ಕೇಳಿರಲಿಲ್ಲ" ಅಂದಿರಿ. ಕೇಳೋದಕ್ಕೆ ಜನ ನಿಂತರೆ ತಾನೇ ಗುಂಡಣ್ಣ? 1913ರಲ್ಲಿ ಸುಮಾರು 14,000 ಜನರ ಕೆಲಸ ನಡೆಸಲು ಆ ಕಾರ್ಖಾನೆ ವರ್ಷದಲ್ಲಿ 52,000 ಜನರನ್ನು ಸೇರಿಸಿಕೊಳ್ಳಬೇಕಾಯಿತು. ಸೇರಿದವರು ಹೇಳದೆ ಕೇಳದೆ ಕೈಕೊಡುತ್ತಿದ್ದರು. ಬೆಳಗಿಂದ ಸಂಜೆವರೆಗೆ ಒಂದೇ ನಟ್ಟು ತಿರುಗಿಸುತ್ತಾ ನಿಂತರೆ ಯಾರಿಗೆ ತಲೆ ಕೆಡುವುದಿಲ್ಲ? ಅದೇ ವರ್ಷ ಐಡಬ್ಲ್ಯುಡಬ್ಲ್ಯು ಅನ್ನೋ ಕಾರ್ಮಿಕ ಸಂಘದವರು ಗೇಟಿನ ಹೊರಗೆ ಭಾಷಣಕ್ಕೂ ನಿಂತಿದ್ದರು. 5 ಡಾಲರ್ ಕೊಟ್ಟಿದ್ದು ಜನ ಓಡಿಹೋಗದೆ ಇರಲಿ ಅಂತ.

ಇನ್ನು ಕೆಲಸಗಾರ ಕಾರು ಕೊಳ್ಳುವ ಕತೆ. 14,000 ಜನರೂ ವರ್ಷಕ್ಕೊಂದು ಕೊಂಡರೂ 14,000 ಕಾರು. ಫೋರ್ಡ್ ಆಗ ವರ್ಷಕ್ಕೆ 2 ಲಕ್ಷದ ಮೇಲೆ ಮಾಡುತ್ತಿದ್ದ. ಎಡಗೈಯಿಂದ ಬಲಗೈಗೆ ದುಡ್ಡು ಕೊಟ್ಟು ಉದ್ಧಾರವಾದ ವ್ಯಾಪಾರಿಯನ್ನು ನೀವೇ ತೋರಿಸಿ.

ಹಳೇಗಾಡಿ ಗುಂಡಣ್ಣ:
"ಒಂದೇ ನಟ್ಟು" ಅಂತ ಹಂಗಿಸಬೇಡಿ. ಆ ಒಂದೇ ನಟ್ಟಿನಿಂದಲೇ ಒಂದು ಚಾಸಿ, ಅಂದರೆ ಕಾರಿನ ಅಡಿ ಚೌಕಟ್ಟು, ಜೋಡಿಸುವ ಕೆಲಸ ಹನ್ನೆರಡೂವರೆ ಗಂಟೆಯಿಂದ 93 ನಿಮಿಷಕ್ಕೆ ಇಳಿದದ್ದು. ಸುಮ್ನೆ ಅಲ್ಲ.

ಪೇಂಟ್ ಬೂತ್ ದಾವಣಗೆರೆ:
ನಿಮ್ಮ ಸಂಬಳದ ಜಗಳ ನಿಮಗೇ ಇರಲಿ. "ಕಪ್ಪು ಬೇಗ ಒಣಗುತ್ತದೆ" ಅಂತ ಹೇಳಿದ್ದು ಯಾರು? ನಮ್ಮದು ಟಿಂಕರಿಂಗ್, ಪೇಂಟಿಂಗ್ ಶಾಪು. ನಮ್ಮಪ್ಪನ ಕಾಲದಿಂದ ಇದೇ ಕೆಲಸ. ಕಪ್ಪಾಗಲಿ ಕೆಂಪಾಗಲಿ, ಒಣಗುವುದು ಬಣ್ಣ ನೋಡಿ ಅಲ್ಲ ಸ್ವಾಮಿ, ಪೇಂಟ್ ಯಾವ ಜಾತಿಯದು ಅನ್ನೋದು ನೋಡಿ. ಎನ್‌ಸಿ (ನೈಟ್ರೋಸೆಲ್ಯುಲೋಸ್ ಪೇಂಟ್) ಹೊಡೆದರೆ ಟೀ ಕುಡಿದು ಬರುವಷ್ಟರಲ್ಲಿ ಮುಟ್ಟಬಹುದು. ಸಾದಾ ಎನಾಮಲ್ ಹೊಡೆದರೆ ಮಾರನೇ ದಿನವೂ ಬೆರಳಿನ ಗುರುತು ಬೀಳುತ್ತದೆ. ಕಪ್ಪು ಎನಾಮಲ್ ಆದರೂ ಅಷ್ಟೇ.

ಸ್ಪ್ಯಾನರ್ ಸೀನ:
ಎನ್‌ಸಿ ಅಂತೆ! ನಿಮ್ಮ ಎನ್‌ಸಿ ಹುಟ್ಟುವುದಕ್ಕೆ ಹತ್ತು ವರ್ಷ ಮುಂಚಿನ ಮಾತು ಇದು. ಡುಪಾಂಟ್ ಕಂಪನಿಯ ಡ್ಯೂಕೋ ಅನ್ನೋ ಎನ್‌ಸಿ ಪೇಂಟ್ ಕಾರಿಗೆ ಬಂದದ್ದು 1920ರ ದಶಕದಲ್ಲಿ, ಅದೂ ಫೋರ್ಡ್ ಅಲ್ಲ, ಜನರಲ್ ಮೋಟರ್ಸ್‌ನವರ ಓಕ್‌ಲ್ಯಾಂಡ್ ಕಾರಿಗೆ, ನೀಲಿ ಬಣ್ಣದಲ್ಲಿ. 1914ರಲ್ಲಿ ಇದ್ದದ್ದು ಜಪಾನ್ ಬ್ಲ್ಯಾಕ್. ಡಾಂಬರಿನ ನೆಂಟ ಅದು, ಆಸ್ಫಾಲ್ಟ್ ಹಾಕಿ ಮಾಡಿದ್ದು. ಒಲೆಗೆ ಹಾಕಿ ಬೇಯಿಸಿದರೆ ಕಲ್ಲಿನ ಹಾಗೆ ಕೂರುತ್ತದೆ. ಆ ಕಾಲದ ಬಣ್ಣದ ವಾರ್ನಿಷ್ ಆದರೆ ಕೋಟಿನ ಮೇಲೆ ಕೋಟು, ದಿನಗಟ್ಟಲೆ ಕಾಯಬೇಕು. ಹಾಗಾಗಿ ಕಪ್ಪೇ ಬೇಗ ಒಣಗುತ್ತಿತ್ತು. ಗುಂಡಣ್ಣ ಹೇಳಿದ್ದು ಸರಿ.

ಪೇಂಟ್ ಬೂತ್ ದಾವಣಗೆರೆ:
"ಒಲೆಗೆ ಹಾಕಿ ಬೇಯಿಸಿದರೆ". ಇಲ್ಲೇ ಸಿಕ್ಕಿಬಿದ್ದಿರಿ. ಮಡ್‌ಗಾರ್ಡ್ ಬರೀ ತಗಡು, ತೊಟ್ಟಿಯಲ್ಲಿ ಅದ್ದಿ ಬೇಯಿಸಿ, ಬೇಡ ಅನ್ನಲ್ಲ. ಬಾಡಿ? ಟಿ ಮಾಡೆಲ್ ಬಾಡಿ ಒಳಗೆ ಮರದ ಚೌಕಟ್ಟು, ಮೇಲೆ ತಗಡು ಹೊಡೆದದ್ದು. ಮಡ್‌ಗಾರ್ಡ್ ಕಾಯಿಸಿದಷ್ಟು ಅದನ್ನು ಕಾಯಿಸಿದರೆ ಮರ ಸೀಳಿ, ಕೀಲು ಬಿಟ್ಟು, ಬಾಗಿಲು ಕೂರುವುದಿಲ್ಲ. ಬಾಡಿ ಮೇಲೆ ಪೇಂಟನ್ನು ಪೈಪಿನಲ್ಲಿ ನೀರು ಬಿಟ್ಟ ಹಾಗೆ ಹರಿಸುತ್ತಿದ್ದರು. ಹಾಗೆ ಹರಿಸಿದ್ದು ಬೇಗ ಒಣಗಿತು ಅಂದರೆ ನಾನು ನಂಬಬೇಕಾ?

ಇನ್ನೊಂದು ಮಾತು. ನಮ್ಮ ಶಾಪಿಗೆ ಬರುವ ಹಳೇ ಗಿರಾಕಿಗಳು ಈಗಲೂ "ಡ್ಯೂಕೋ ಹೊಡೀರಿ" ಅಂತಲೇ ಕೇಳೋದು. ಡ್ಯೂಕೋ ಅಂದರೆ ಏನು ಅಂತ ನನಗೆ ಪಾಠ ಬೇಡ.

ಮಿಷಿಗನ್ ಮಾವ:
ಇಬ್ಬರೂ ಒಂದು ನಿಮಿಷ ನಿಲ್ಲಿ. ಟಿ ಮಾಡೆಲ್ ಶುರುವಿನಿಂದ ಕಪ್ಪಾಗಿರಲೇ ಇಲ್ಲ. ಮೊದಲ ಟಿ ಮಾಡೆಲ್‌ಗಳು ತಯಾರಾದ ಪಿಕೆಟ್ ಅವೆನ್ಯೂ ಕಾರ್ಖಾನೆ ಈಗ ಮ್ಯೂಸಿಯಂ. ಮೂರು ಮಹಡಿಯ ಇಟ್ಟಿಗೆ ಕಟ್ಟಡ, ನಡೆದರೆ ಕಿರ್ ಅನ್ನುವ ಮರದ ನೆಲ. ಊರಿಂದ ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗುತ್ತೇನೆ. ಮೊದಲ ವರ್ಷಗಳ ಕಾರು ಕೆಂಪು, ಹಸಿರು, ಬೂದು. 1912ರ ಹೊತ್ತಿಗೆ ಕಡುನೀಲಿ, ಮಡ್‌ಗಾರ್ಡ್ ಮಾತ್ರ ಕಪ್ಪು. ಕಪ್ಪು ಒಂದೇ ಅಂತ ಆದದ್ದು 1914ರಿಂದ 1925ರವರೆಗೆ. ಕೊನೆಯ ಒಂದೆರಡು ವರ್ಷ ಮತ್ತೆ ಬಣ್ಣ ಬಂತು.

ಸ್ಪ್ಯಾನರ್ ಸೀನ:
"ಶುರುವಿನಿಂದ ಕಪ್ಪಾಗಿರಲೇ ಇಲ್ಲ" ಅಂತೀರಿ. ಕಪ್ಪಾಗಿರುವವರೆಗೆ ಗಿರಾಕಿ ಯಾವ ಬಣ್ಣ ಬೇಕಾದರೂ ತೆಗೆದುಕೊಳ್ಳಲಿ ಅಂತ ತಾನು 1909ರಲ್ಲೇ ಹೇಳಿದೆ ಎಂದು ಫೋರ್ಡೇ ತನ್ನ ಜೀವನದ ಪುಸ್ತಕದಲ್ಲಿ ಬರೆದಿದ್ದಾನೆ. ಮಾಲೀಕನಿಗಿಂತ ನಿಮಗೆ ಜಾಸ್ತಿ ಗೊತ್ತಾ?

ಮಿಷಿಗನ್ ಮಾವ:
ಪುಸ್ತಕ ಬಂದದ್ದು 1922ರಲ್ಲಿ. ಸ್ಯಾಮ್ಯುಯೆಲ್ ಕ್ರೌದರ್ ಅನ್ನೋರ ಜೊತೆ ಸೇರಿ ಬರೆದದ್ದು. 13 ವರ್ಷದ ಹಿಂದಿನ ಮಾತನ್ನು ನೆನಪಿಸಿಕೊಂಡು ಬರೆಸಿದ್ದು. ಅವನು ಹಾಗೆ ಹೇಳಿದ ಅನ್ನೋ ವರ್ಷದಲ್ಲಿ ಅವನದೇ ಕಾರ್ಖಾನೆಯಿಂದ ಕೆಂಪು ಕಾರು ಹೊರಗೆ ಬರುತ್ತಿತ್ತು. ಕಾರನ್ನು ನಂಬಲಾ, ಪುಸ್ತಕವನ್ನು ನಂಬಲಾ?

ಮೈಸೂರು ಮೇಡಂ:
ಬಣ್ಣ ಬಿಟ್ಟು ಸ್ವಲ್ಪ ಸಂಬಳಕ್ಕೆ ಬನ್ನಿ. ಆ 5 ಡಾಲರ್ ಪೂರ್ತಿ ಸಂಬಳ ಅಲ್ಲ. ಸುಮಾರು ಅರ್ಧ ಕೂಲಿ, ಉಳಿದದ್ದು ಲಾಭದ ಪಾಲು ಅನ್ನೋ ಹೆಸರಿನಲ್ಲಿ. ಆ ಪಾಲು ಸಿಗಬೇಕಾದರೆ 6 ತಿಂಗಳು ಕೆಲಸ ಮಾಡಿರಬೇಕು. ಕುಡಿಯಬಾರದು, ಮನೆ ಚೊಕ್ಕಟವಾಗಿರಬೇಕು, ದುಡ್ಡು ಉಳಿಸಬೇಕು. ಇದನ್ನು ನೋಡೋದಕ್ಕೆ ಕಂಪನಿಯಲ್ಲಿ ಸೋಶಿಯಲಾಜಿಕಲ್ ಡಿಪಾರ್ಟ್‌ಮೆಂಟ್ ಅಂತಲೇ ಇತ್ತು. ಅದರ ಜನ ಮನೆ ಬಾಗಿಲಿಗೆ ಬಂದು ವಿಚಾರಿಸುತ್ತಿದ್ದರು. ಹೆಂಗಸರಿಗೆ ಮೊದಲು ಈ ಪಾಲು ಇರಲೇ ಇಲ್ಲ, ಗುಂಡಣ್ಣನವರೇ.

ಹೊರದೇಶದಿಂದ ಬಂದ ಕೆಲಸಗಾರರಿಗೆ ಕಂಪನಿಯದೇ ಇಂಗ್ಲಿಷ್ ಶಾಲೆ. ಅದು ಮುಗಿದ ದಿನ ವೇದಿಕೆ ಮೇಲೆ ದೊಡ್ಡ ಕೊಪ್ಪರಿಗೆ. ತಮ್ಮ ದೇಶದ ಬಟ್ಟೆಯಲ್ಲಿ ಒಳಗೆ ಇಳಿಯಬೇಕು, ಅಮೆರಿಕದ ಸೂಟು ಹಾಕಿಕೊಂಡು, ಕೈಯಲ್ಲಿ ಬಾವುಟ ಹಿಡಿದು ಹೊರಗೆ ಬರಬೇಕು. ಇದನ್ನು ಔದಾರ್ಯ ಅಂತೀರಾ?

ಅಸೆಂಬ್ಲಿ ಲೈನೂ ಫೋರ್ಡ್ ತಲೆಯಿಂದ ಉದುರಿದ್ದಲ್ಲ. ರ‍್ಯಾನ್ಸಮ್ ಓಲ್ಡ್ಸ್ ಅವನಿಗಿಂತ ಮುಂಚೆ ಓಲ್ಡ್ಸ್‌ಮೊಬೈಲ್ ಅನ್ನು ಸಾವಿರಗಟ್ಟಲೆ ಮಾಡಿದ್ದ. ಸಾಗುವ ಲೈನಿನ ಉಪಾಯ ಫೋರ್ಡ್ ಕಡೆಯವರಿಗೆ ಹೊಳೆದದ್ದು ಷಿಕಾಗೋದ ಕಸಾಯಿಖಾನೆ ನೋಡಿ. ಅಲ್ಲಿ ಸಾಲಾಗಿ ನೇತುಹಾಕಿ ಬಿಡಿಸುತ್ತಿದ್ದರು, ಇಲ್ಲಿ ಸಾಲಾಗಿ ಜೋಡಿಸಿದರು.

ಹಳೇಗಾಡಿ ಗುಂಡಣ್ಣ:
ಮನೆ ಬಾಗಿಲಿಗೆ ಬಂದು ವಿಚಾರಿಸಿದರೆ ತಪ್ಪೇನು ಮೇಡಂ? ಸಂಬಳದ ದಿನ ಕುಡಿದು, ಹೆಂಡತಿ ಮಕ್ಕಳನ್ನು ಉಪವಾಸ ಹಾಕುವವರನ್ನು ನಾವೂ ನೋಡಿಲ್ವಾ? ಮನೆ ಹಿರಿಯ ಕೇಳುವ ಹಾಗೆ ಕೇಳಿದ.

ಮೈಸೂರು ಮೇಡಂ:
ಮನೆ ಹಿರಿಯ ಕೇಳಿದರೆ ಸಂಬಳ ಕತ್ತರಿಸುವುದಿಲ್ಲ.

ಸ್ಪ್ಯಾನರ್ ಸೀನ:
ಓಲ್ಡ್ಸ್, ಕಸಾಯಿಖಾನೆ ಎಲ್ಲ ಆಮೇಲೆ. ಪೇಂಟ್ ಬೂತ್‌ನವರು ನನಗೆ ಇನ್ನೂ ಉತ್ತರ ಕೊಟ್ಟಿಲ್ಲ. ಬೇಗ ಒಣಗದಿದ್ದರೆ 1914ರಲ್ಲಿ, ಲೈನು ಓಡಲು ಶುರುವಾದ ಮರು ವರ್ಷವೇ, ಕಪ್ಪಿಗೆ ಯಾಕೆ ಬಂದರು? ಸುಮ್ನೆ ಕಾಕತಾಳೀಯನಾ? ಗನ್ ಹಿಡಿದು ನಾಲ್ಕು ಬಂಪರ್ ಬಳಿದವರೆಲ್ಲ ಇತಿಹಾಸ ಹೇಳಲು ಕೂತರೆ ಕಷ್ಟ.

ಪೇಂಟ್ ಬೂತ್ ದಾವಣಗೆರೆ:
ನಾಲ್ಕು ಬಂಪರ್ ಅಂದಿರಾ? ನಮ್ಮ ಶಾಪಿಗೆ ಬನ್ನಿ. ಮೂರು ದಿನ ಪುಟ್ಟಿ ಉಜ್ಜಿ, ವಾಟರ್ ಪೇಪರ್ ಹಿಡಿದು ಕೈಬೆರಳಿನ ಚರ್ಮ ಸುಲಿಸಿಕೊಳ್ಳಿ. ಆಮೇಲೆ ಮಾತಾಡೋಣ.

ಕಪ್ಪಿಗೆ ಬಂದದ್ದು ಯಾಕೆ? ಇದೇನು ಒಗಟಲ್ಲ. ಒಂದೇ ಬಣ್ಣ ಇದ್ದರೆ ಡಬ್ಬಿ ಬದಲಾಯಿಸಬೇಕಿಲ್ಲ, ಪೈಪು ತೊಳೆಯಬೇಕಿಲ್ಲ. ಎಡ ಬಾಗಿಲು ಒಂದು ಬಣ್ಣ, ಬಲ ಬಾಗಿಲು ಒಂದು ಬಣ್ಣ ಅನ್ನೋ ಗೋಜಿಲ್ಲ. ಎಲ್ಲಿಂದ ಮಡ್‌ಗಾರ್ಡ್ ತಂದು ಹಾಕಿದರೂ ಹೊಂದುತ್ತದೆ. ಕಪ್ಪು ಅಗ್ಗ, ಗಟ್ಟಿ. ಕೆಂಪು ಹೊಡೆಯುವಾಗ ಶೇಡ್ ಕೂರಿಸುವುದಕ್ಕೇ ಅರ್ಧ ದಿನ ಹೋಗುತ್ತದೆ. ಇಷ್ಟು ಸಾಲದಾ? ಒಣಗುವ ಮಾತು ಯಾಕೆ ಬೇಕು?

ಸ್ಪ್ಯಾನರ್ ಸೀನ:
"ಅಗ್ಗ" ಅಂತ ನೀವೇ ಒಪ್ಪಿಕೊಂಡಿರಿ. ಅಗ್ಗ ಯಾಕೆ? ಬೇಗ ಒಣಗುತ್ತದೆ, ಜಾಗ ಉಳಿಯುತ್ತದೆ, ಅದಕ್ಕೇ ಅಗ್ಗ. ಮುಗೀತು.

ಮಿಷಿಗನ್ ಮಾವ:
ಮುಗಿಯಲಿಲ್ಲ ಸೀನಣ್ಣ. ಟಿ ಮಾಡೆಲ್‌ಗೆ ಹೊಡೆದದ್ದು ಒಂದು ಕಪ್ಪಲ್ಲ. ಬೇರೆ ಬೇರೆ ಭಾಗಕ್ಕೆ ಬೇರೆ ಬೇರೆ, ಒಟ್ಟು 30ಕ್ಕೂ ಹೆಚ್ಚು ತರದ ಕಪ್ಪು ಪೇಂಟ್ ಇತ್ತು. ಕೆಲವು ಅದ್ದುವುದು, ಕೆಲವು ಹರಿಸುವುದು. ಅದರಲ್ಲಿ ಯಾವ ಕಪ್ಪು ಬೇಗ ಒಣಗುತ್ತಿತ್ತು ಹೇಳಿ.

ಸ್ಪ್ಯಾನರ್ ಸೀನ:
30 ತರ ಅಂತೆ. ಎಣಿಸಿ ಬಂದಿರಾ? ಅಮೆರಿಕದಲ್ಲಿ ಕೂತವರಿಗೆ ಪುರುಸೊತ್ತು ಜಾಸ್ತಿ.

ಕ್ಲಚ್ ಹುಡುಗ:
ಯಾರೂ ಮಸ್ಟ್ಯಾಂಗ್ ಬಗ್ಗೆ ಮಾತಾಡಲ್ವಾ? 1964ರ ಏಪ್ರಿಲ್ 17ರಂದು ನ್ಯೂಯಾರ್ಕ್ ವರ್ಲ್ಡ್ಸ್ ಫೇರ್‌ನಲ್ಲಿ ಬಿಟ್ಟದ್ದು. 2,368 ಡಾಲರ್. ಫೋರ್ಡ್ ಅಂದರೆ ನನಗೆ ಅದೇ. ಆಮೇಲೆ, 1995ರಲ್ಲಿ ಭಾರತಕ್ಕೆ ಬಂದವರು 2021ರಲ್ಲಿ ಕಾರು ತಯಾರಿಕೆ ನಿಲ್ಲಿಸ್ತೀವಿ ಅಂದರು, ಅದಕ್ಕೆ ಯಾರು ಜವಾಬ್ದಾರಿ?

ಲೆಕ್ಕದ ಪುಸ್ತಕ:
"1995ರಲ್ಲಿ ಬಂದವರು" ಅಲ್ಲಪ್ಪ, ಅದು ಎರಡನೇ ಸಲ. 1926ರಲ್ಲೇ ಫೋರ್ಡ್ ಇಂಡಿಯಾ ಅಂತ ಶುರು ಮಾಡಿ ಮುಂಬೈಯಲ್ಲಿ ಕಾರು ಜೋಡಿಸುತ್ತಿದ್ದರು. 1950ರ ದಶಕದಲ್ಲಿ ಮುಚ್ಚಿಕೊಂಡು ಹೋದರು. ಬಂದು ಹೋಗುವುದು ಅವರಿಗೆ ರೂಢಿ.

ಗುಂಡಣ್ಣ, ಮನೆ ಹಿರಿಯ ಅಂದಿರಲ್ಲ. 1937ರ ಮೇ 26ರಂದು ರಿವರ್ ರೂಜ್ ಕಾರ್ಖಾನೆ ಗೇಟಿನ ಮೇಲ್ಸೇತುವೆಯಲ್ಲಿ ಕರಪತ್ರ ಹಂಚಲು ಬಂದ ಯುಎಡಬ್ಲ್ಯು ಅನ್ನೋ ಕಾರು ಕೆಲಸಗಾರರ ಸಂಘದ ವಾಲ್ಟರ್ ರಾಯ್ತರ್ ಮತ್ತು ಜೊತೆಯವರಿಗೆ ಕಂಪನಿಯ ಆಳುಗಳು ಹೇಗೆ ಹೊಡೆದರು ಗೊತ್ತಾ? ಪತ್ರಿಕೆಯ ಫೋಟೋಗ್ರಾಫರ್ ತೆಗೆದ ಚಿತ್ರ ಇದೆ. ಕೋಟು ತಲೆ ಮೇಲೆ ಎಳೆದು ಗುದ್ದುತ್ತಿದ್ದಾರೆ. ಜನರಲ್ ಮೋಟರ್ಸ್ ಆ ವರ್ಷವೇ ಸಂಘವನ್ನು ಒಪ್ಪಿಕೊಂಡಿತ್ತು. ಫೋರ್ಡ್ ಸಹಿ ಹಾಕಿದ್ದು 1941ರಲ್ಲಿ.

ಹಳೇಗಾಡಿ ಗುಂಡಣ್ಣ:
"1941ರಲ್ಲಿ ಸಹಿ ಹಾಕಿದ". ಹಾಕಿದ ಅಲ್ವಾ? ಅಷ್ಟೇ ನನಗೆ ಬೇಕಾದದ್ದು. ನಾನು ಮಾತಾಡಿದ್ದು 1914ರ ಬಗ್ಗೆ, ನೀವು 27 ವರ್ಷ ಮುಂದಕ್ಕೆ ಹಾರಿದಿರಿ. ಅವನ ಕಾರು ಹಳ್ಳಿಯ ರೈತನ ಕೈಗೆ ಬಂತಾ ಇಲ್ವಾ? ಕೆಸರು ರಸ್ತೆಯಲ್ಲಿ ಓಡಿತಾ ಇಲ್ವಾ?

ಮಿಷಿಗನ್ ಮಾವ:
ಓಡಿತು. ಡಿಯರ್‌ಬಾರ್ನ್‌ನ ಗ್ರೀನ್‌ಫೀಲ್ಡ್ ವಿಲೇಜ್‌ನಲ್ಲಿ ಈಗಲೂ ಟಿ ಮಾಡೆಲ್‌ನಲ್ಲಿ ಕೂರಿಸಿ ಒಂದು ಸುತ್ತು ಹೊಡೆಸುತ್ತಾರೆ. ಡ್ರೈವರ್ ಪಕ್ಕ ಕೂತು ನೋಡಿದೆ. ಮೂರು ಪೆಡಲ್ ಇದೆ, ಒಂದೂ ಆಕ್ಸಿಲರೇಟರ್ ಅಲ್ಲ. ಎಡದ್ದನ್ನು ಒತ್ತಿ ಹಿಡಿದರೆ ಮೊದಲ ಗೇರು, ಬಿಟ್ಟರೆ ಎರಡನೇದು. ನಡುವಿನದು ರಿವರ್ಸ್, ಬಲದ್ದು ಬ್ರೇಕು. ವೇಗ ಬೇಕಾದರೆ ಸ್ಟೀರಿಂಗ್ ಕೆಳಗಿನ ಕಡ್ಡಿಯನ್ನು ಬೆರಳಲ್ಲಿ ಎಳೆಯಬೇಕು. ಪೆಟ್ರೋಲ್ ಟ್ಯಾಂಕ್ ಸೀಟಿನ ಕೆಳಗೆ, ಪಂಪ್ ಇಲ್ಲ, ತಾನೇ ಇಳಿದು ಇಂಜಿನ್‌ಗೆ ಹೋಗಬೇಕು. ಕಡಿದಾದ ಏರಿನಲ್ಲಿ ಟ್ಯಾಂಕ್ ತಗ್ಗಿಗೆ ಹೋದರೆ ಪೆಟ್ರೋಲ್ ಇಂಜಿನ್ ಮುಟ್ಟುತ್ತಿರಲಿಲ್ಲ. ರೈತರು ಗುಡ್ಡವನ್ನು ರಿವರ್ಸ್‌ನಲ್ಲಿ ಹತ್ತುತ್ತಿದ್ದರು.

ಸ್ಪ್ಯಾನರ್ ಸೀನ:
ಕಾರು ಯಾವ ಬಣ್ಣದ್ದು?

ಮಿಷಿಗನ್ ಮಾವ:
ನಾನು ಕೂತದ್ದು ಕಪ್ಪು.

ಸ್ಪ್ಯಾನರ್ ಸೀನ:
ಎಲ್ಲರೂ ನೋಡಿಕೊಳ್ಳಿ.

ಮೈಸೂರು ಮೇಡಂ:
ಆ ಬಣ್ಣವೇ ಅವನಿಗೆ ಮುಳುವಾದದ್ದು. ಜನರಲ್ ಮೋಟರ್ಸ್ ವರ್ಷಕ್ಕೊಂದು ಹೊಸ ರೂಪ ತಂದಿತು, ಕಂತಿನಲ್ಲಿ ಸಾಲವನ್ನೂ ಕೊಟ್ಟಿತು. ಫೋರ್ಡ್ ಹಠ ಹಿಡಿದು 1927ರ ಮೇ ವರೆಗೆ ಅದೇ ಟಿ ಮಾಡೆಲ್ ಹೊಡೆಯುತ್ತಾ ಕೂತ. ಆಮೇಲೆ ಹೊಸ ಕಾರು ಎ ಮಾಡೆಲ್ ಬರುವವರೆಗೆ ತಿಂಗಳುಗಟ್ಟಲೆ ಲೈನು ನಿಂತಿತು. ಆಗ ಮನೆಗೆ ಹೋದ ಕೆಲಸಗಾರರಿಗೆ ಯಾವ 5 ಡಾಲರ್ ಸಿಕ್ಕಿತು ಗುಂಡಣ್ಣನವರೇ?

ಹಳೇಗಾಡಿ ಗುಂಡಣ್ಣ:
"ಹಠ" ಅನ್ನಬೇಡಿ, ಛಲ ಅನ್ನಿ. ಒಂದೂವರೆ ಕೋಟಿ ಕಾರು ಮೇಡಂ. ಆ ದಾಖಲೆ ಮುರಿಯೋದಕ್ಕೆ ಫೋಕ್ಸ್‌ವ್ಯಾಗನ್ ಬೀಟಲ್ 1972ರವರೆಗೆ ಕಾಯಬೇಕಾಯಿತು. ಸರಿ, ಮನೆಗೆ ಜನ ಕಳಿಸಿ ವಿಚಾರಿಸಿದ್ದು ಸ್ವಲ್ಪ ಅತಿಯಾಯಿತು ಅಂತ ಇಟ್ಟುಕೊಳ್ಳೋಣ. ಅದು ಬಿಟ್ಟರೆ ನಾನು ಹೇಳಿದ್ದೆಲ್ಲ ಹಾಗೇ ನಿಂತಿದೆ.

ಲೆಕ್ಕದ ಪುಸ್ತಕ:
ಯಾವುದು ನಿಂತಿದೆ? ಲೈನು ಕಂಡುಹಿಡಿದದ್ದಾ, ಔದಾರ್ಯವಾ, ಕಪ್ಪು ಬಣ್ಣವಾ?

ಪೇಂಟ್ ಬೂತ್ ದಾವಣಗೆರೆ:
ಬಣ್ಣದ್ದು ನಾನು ನೋಡಿಕೊಳ್ಳುತ್ತೇನೆ. ನಾಳೆ ಭಾನುವಾರ, ಶಾಪ್ ಖಾಲಿ. ಹಳೇ ತಗಡಿನ ಎರಡು ತುಂಡಿಗೆ ಪ್ರೈಮರ್ ಕೊಟ್ಟು, ಒಂದಕ್ಕೆ ಕಪ್ಪು ಎನಾಮಲ್, ಇನ್ನೊಂದಕ್ಕೆ ಕೆಂಪು ಎನಾಮಲ್ ಹೊಡೆದು ಒಂದೇ ಬಿಸಿಲಿಗೆ ಇಡುತ್ತೇನೆ. ಗಂಟೆಗೊಂದು ಫೋಟೋ ಹಾಕುತ್ತೇನೆ. ಸೀನ ಅವರೇ, ಬೆರಳಿಟ್ಟು ನೋಡಲು ನೀವೇ ಬನ್ನಿ, ಬೆಣ್ಣೆ ದೋಸೆ ನನ್ನ ಲೆಕ್ಕ.

ಸ್ಪ್ಯಾನರ್ ಸೀನ:
1914ರ ಜಪಾನ್ ಬ್ಲ್ಯಾಕ್ ಎಲ್ಲಿಂದ ತರುತ್ತೀರಿ? ಅದಿಲ್ಲದೆ ಪರೀಕ್ಷೆ ನಾನು ಒಪ್ಪಲ್ಲ. ಅಲ್ಲದೆ ಬಿಸಿಲಿಗಿಟ್ಟರೆ ಕಪ್ಪು ಜಾಸ್ತಿ ಕಾಯುತ್ತದೆ, ಬೇಗ ಒಣಗುತ್ತದೆ.

ಪೇಂಟ್ ಬೂತ್ ದಾವಣಗೆರೆ:
ಹಾಗಾದರೆ ನೆರಳಿಗೆ ಇಡುತ್ತೇನೆ.

ಸ್ಪ್ಯಾನರ್ ಸೀನ:
ನೆರಳಿಗೆ ಯಾಕೆ? ಈಗ ತಾನೇ ಬಿಸಿಲು ಅಂದಿರಿ.