ಇಂಗ್ಲಿಷ್ ಕೇಳಿ: ಇವತ್ತಿನ ಪದ ‘ಬಿಡ್’

ಅಡ್ಮಿನ್: ಕಲಬುರಗಿಯ ಇಂಗ್ಲಿಷ್ ಲೆಕ್ಚರರ್ ಮೇಡಂ ಒಂದು ತಾಸು ಇರುತ್ತಾರೆ. ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುತ್ತಿರುವವರು ಕೇಳಿ.

ಸೇಡಂ ಹುಡುಗ: ‘ದಿ ಆಫೀಸರ್ ಬೇಡ್ ಹಿಮ್ ಟು ಗೋ’. ತಪ್ಪು ಎಲ್ಲಿದೆ ಮೇಡಂ?

ಮೇಡಂ: ‘ಟು’ ತೆಗೀರಿ. ‘ಬೇಡ್ ಹಿಮ್ ಗೋ’. ಪ್ಯಾಸಿವ್ ಆದರೆ ಮಾತ್ರ ‘ಟು’ ಬೇಕು: ‘ಹಿ ವಾಸ್ ಬಿಡನ್ ಟು ಗೋ’.

ಆಳಂದದವರು: ಗಂಜ್‌ನಲ್ಲಿ ತೊಗರಿಗೆ ರೇಟ್ ಹಾಕೋದೂ ಬಿಡ್, ಸಾಹೇಬರು ಹುಕುಂ ಮಾಡೋದೂ ಬಿಡ್. ಇದು ಹೇಗ್ರಿ?

ಮೇಡಂ: ಒಳ್ಳೆ ಪ್ರಶ್ನೆ. ಮೊದಲು ಇವು ಎರಡು ಬೇರೆ ಪದ. ಹಳೆ ಇಂಗ್ಲಿಷಿನಲ್ಲಿ ‘ಬಿಡ್ಡನ್’ ಅಂದರೆ ಬೇಡು, ಹೇಳಿ ಮಾಡಿಸು. ‘ಬೇಓಡನ್’ ಅಂದರೆ ಮುಂದಿಡು, ಸಾರು. ಬರ್ತಾ ಬರ್ತಾ ಎರಡೂ ಬೆರೆತು ‘ಬಿಡ್’ ಆದವು. ಜರ್ಮನ್‌ನಲ್ಲಿ ಇವತ್ತಿಗೂ ಬೇರೆಬೇರೆ: ‘ಬಿಟ್ಟನ್’ ಕೇಳಿಕೊಳ್ಳೋದು, ‘ಬೀಟನ್’ ಕೊಡ್ತೀನಿ ಅನ್ನೋದು. ಇಂಗ್ಲಿಷಿನಲ್ಲಿ ವ್ಯತ್ಯಾಸ ಕಾಣೋದು ಭೂತಕಾಲದಲ್ಲಿ. ಬೆಲೆಗೆ ಬಿಡ್–ಬಿಡ್–ಬಿಡ್: ‘ಹಿ ಬಿಡ್ ಏಟ್ ಥೌಸಂಡ್’. ಹುಕುಂ, ವಿದಾಯಕ್ಕೆ ಬಿಡ್–ಬೇಡ್–ಬಿಡನ್: ‘ಶಿ ಬೇಡ್ ಅಸ್ ಫೇರ್‌ವೆಲ್’. ಇಲ್ಲಿ ‘ಬಿಡ್’ ಅಂದರೂ ಡಿಕ್ಷನರಿ ಒಪ್ಪುತ್ತದೆ, ಆದರೆ ಆಯ್ಕೆಯಲ್ಲಿ ‘ಬೇಡ್’ ಇದ್ದರೆ ಅದಕ್ಕೇ ಟಿಕ್ ಹಾಕಿ. ಬೆಲೆಗೆ ಮಾತ್ರ ‘ಬೇಡ್’ ಬೇಡವೇ ಬೇಡ. ಪೇಪರ್ ಹೆಡ್‌ಲೈನಿನಲ್ಲಿ ಬಿಡ್ ಅಂದರೆ ಪ್ರಯತ್ನ. ‘ಮರ್ಡರ್ ಬಿಡ್’ ಅಂದರೆ ಕೊಲೆಗೆ ಟೆಂಡರ್ ಕರೆದಿದ್ದಾರೆ ಅಂತಲ್ಲ.

ಬೀದರ್ ಅಣ್ಣ: ಫಾರ್ವರ್ಡ್ ಬಂದಿದೆ ನೋಡಿ. ‘ಬಿಡ್’ ನಮ್ಮ ‘ಬಿಡು’ವಿನಿಂದ ಹೋದದ್ದು! ಬಿಡ್ ಗುಡ್‌ಬೈ ಅಂದರೆ ಬಿಟ್ಟು ಹೋಗು. ಹತ್ತು ಜನಕ್ಕೆ ಕಳಿಸಿ.

ಮೇಡಂ: ಒಬ್ಬರಿಗೂ ಕಳಿಸಬೇಡಿ. ಪದದ ಹುಟ್ಟು ಮೇಲೆ ಹೇಳಿದೀನಿ. ಹೋದ ವಾರ ಇಂಥದ್ದೇ ಒಂದು ಪಟ್ಟಿಯಲ್ಲಿ ‘ಬಿಡೆಡ್’ ಅಂತಿತ್ತು. ಅದನ್ನ ಬಾಯಿಪಾಠ ಮಾಡಿದರೆ ಮಾರ್ಕ್ಸ್ ಹೋಗುತ್ತೆ.

ಬೀದರ್ ಅಣ್ಣ: ಕನ್ನಡ ಅಂದರೆ ಯಾಕಿಷ್ಟು ಸಿಟ್ಟು?

ಶಹಾಪುರ: ಅಣ್ಣಾ, ಮೇಡಂ ಕನ್ನಡಕ್ಕೆ ಏನಂದ್ರು?

ಗಂಜ್ ಅಡತಿ: ಬಿಡ್ ಯಾಕ್ರೀ, ನಾವು ಸವಾಲು ಅಂತೀವಿ.

ಬೀದರ್ ಅಣ್ಣ: ಲಿಲಾವು ಅನ್ರಿ.

ಗಂಜ್ ಅಡತಿ: ನಿಮ್ಮೂರಾಗ ಅನ್ಕೋರಿ.

ಜೇವರ್ಗಿ: ‘ಫರ್ಬಿಡ್’ಗೂ ಇದೇ ರೂಲಾ?

ಚಿತ್ತಾಪುರ: ‘ಬೇಡ್’ನ ‘ಬ್ಯಾಡ್’ ಅಂತಾರಲ್ಲ ಮೇಡಂ?

ಮೇಡಂ: ಚಿತ್ತಾಪುರದವರೇ, ‘ಬೇಡ್’, ‘ಬ್ಯಾಡ್’ ಎರಡೂ ಉಚ್ಚಾರ ನಡೆಯುತ್ತೆ.

ಸುರಪುರ: ಬಿಡ್ ಪಾಸ್ಟ್ ಟೆನ್ಸ್ ಏನು?

ಮೇಡಂ: ಮೇಲೆ ಓದಿ.

ಔರಾದ್: ಬಿಡೆಡ್ ಅಲ್ವಾ?

ಮೇಡಂ: ಅಲ್ಲ. ಓದದೆ ಕೇಳೋರಿಗೆ ಇನ್ನು ಉತ್ತರ ಇಲ್ಲ.

ಬೀದರ್ ಅಣ್ಣ: ಸವಾಲು ಅಂದ್ರೆ ಪ್ರಶ್ನೆ ಕಣ್ರೀ, ಅಡತಿ ಸಾಹೇಬ್ರೇ.

ಗಂಜ್ ಅಡತಿ: ದಿನಾ ತೊಗರಿ ಮಾರೋನು ನಾನಾ, ನೀವಾ?

ಅಡ್ಮಿನ್: ಇಬ್ಬರೂ ಫೋನ್ ಮಾಡಿ ಮಾತಾಡ್ಕೊಳ್ಳಿ. ತಾಸು ಆಯ್ತು, ಗ್ರೂಪ್ ಲಾಕ್ ಮಾಡ್ತೀನಿ.